ಜೋಳದ ನಾಡಿನಲ್ಲಿ ಗೋಧಿ ಬಿಟ್ಟ ಮೇಲೆ

ಸೀಲಿಯಾಕ್ ಕಾಯಿಲೆಗೆ ಇಂದಿಗೂ ಗುಳಿಗೆಯ ಚಿಕಿತ್ಸೆ ಇಲ್ಲ. ಗೋಧಿ, ಬಾರ್ಲಿ ಮತ್ತು ರೈ ಎಂಬ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಬದುಕಿರುವವರೆಗೂ ಊಟದಿಂದ ಪೂರ್ತಿಯಾಗಿ ದೂರವಿಡುವುದೊಂದೇ ಅದಕ್ಕಿರುವ ಚಿಕಿತ್ಸೆ. ಇದನ್ನು ಅಜೀರ್ಣವೆಂದೋ ಅಲರ್ಜಿಯೆಂದೋ ತಿಳಿಯುವವರು ಬಹಳ. ಆದರೆ ಇದು ಎರಡೂ ಅಲ್ಲ. ಗ್ಲುಟೆನ್ ಒಳಗೆ ಹೋದಾಗ, ರೋಗಗಳೊಂದಿಗೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಆಹಾರದ ಸಾರವನ್ನು ಹೀರಿಕೊಳ್ಳುವ ಸೂಕ್ಷ್ಮ ಚಾಚಿಕೆಗಳು ಸವೆದು ಚಪ್ಪಟೆಯಾಗುತ್ತವೆ. ಎಷ್ಟು ಉಂಡರೂ ಮೈಗೆ ಹತ್ತದಂತಾಗುತ್ತದೆ. ಧಾರವಾಡದಲ್ಲಿ ಶಿಕ್ಷಕಿಯಾಗಿರುವ ನಾನು ಕೆಲವು ವರ್ಷಗಳಿಂದ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದೇನೆ. ನಮ್ಮ ಭಾಗದ ಅಡುಗೆಮನೆಯಲ್ಲಿ ಈ ಪಥ್ಯವನ್ನು ನಡೆಸುವುದು ಹೇಗೆ ಎಂಬುದರ ಬಗ್ಗೆ ಕನ್ನಡದಲ್ಲಿ ಓದಲು ನನಗೆ ಆಗ ಬಹಳ ಕಡಿಮೆ ಸಿಕ್ಕಿತು. ಆದ್ದರಿಂದ ನಾನು ಕಂಡುಕೊಂಡದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕಾಯಿಲೆ ಪತ್ತೆಯಾಗುವ ಮೊದಲು ವರ್ಷಗಟ್ಟಲೆ ನನಗೆ ಹೊಟ್ಟೆ ಉಬ್ಬರ, ಆಗಾಗ ಭೇದಿ, ಬಾಯಿಹುಣ್ಣು ಮತ್ತು ಮೆಟ್ಟಿಲು ಹತ್ತಿದರೆ ಏದುಸಿರು ಬರುವಷ್ಟು ನಿಶ್ಶಕ್ತಿ ಇದ್ದವು. ಹಿಮೋಗ್ಲೋಬಿನ್ ಸದಾ ಕಡಿಮೆ ಇರುತ್ತಿತ್ತು, ಕಬ್ಬಿಣದ ಗುಳಿಗೆ ನುಂಗಿದರೂ ಏರುತ್ತಿರಲಿಲ್ಲ. ಅಮೀಬಾ ಇರಬಹುದು, ಜಂತು ಇರಬಹುದು, ಚಿಂತೆಯಿಂದ ಬಂದ ಹೊಟ್ಟೆಯ ತೊಂದರೆ ಇರಬಹುದು ಎಂದು ಔಷಧಿಗಳಾದವು. ಹೊಟ್ಟೆ ಕೆಟ್ಟಾಗ ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಮಾಡಿಕೊಡುವುದು ರವೆಯ ಗಂಜಿ. ಅದೂ ಬೇಡವೆಂದರೆ ಬ್ರೆಡ್ಡು, ಚಹಾದಲ್ಲಿ ಅದ್ದಿದ ಟೋಸ್ಟು. "ರೊಟ್ಟಿ ಭಾರ ಆಗತೈತಿ, ಮೆತ್ತಗ ಎರಡ ಚಪಾತಿ ತಿನ್ನು" ಎಂದು ಅತ್ತೆಯವರು ಕಾಳಜಿಯಿಂದ ಬಡಿಸುತ್ತಿದ್ದರು. ರೋಗಿಗೆ ಹಗುರವೆಂದು ಎಲ್ಲರೂ ನಂಬಿದ ಆ ಆಹಾರವೆಲ್ಲ ಗೋಧಿಯದ್ದೇ ಆಗಿತ್ತು. ಈ ಕಾಯಿಲೆ ದಕ್ಷಿಣದಲ್ಲಿ ಬೇಗ ಗುರುತಿಗೆ ಬಾರದಿರುವುದಕ್ಕೆ ಕಾರಣವೂ ಇದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಕಂಡುಬರುವ ಸೀಲಿಯಾಕ್, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಷ್ಟರಲ್ಲಿ ಮಾತ್ರ ಇದೆ. ಅಪರೂಪದ ಕಾಯಿಲೆಯನ್ನು ವೈದ್ಯರು ಮೊದಲಿಗೇ ಊಹಿಸುವುದು ಕಷ್ಟ. ಕೊನೆಗೆ ಹುಬ್ಬಳ್ಳಿಯ ಜಠರ ಮತ್ತು ಕರುಳಿನ ತಜ್ಞರೊಬ್ಬರು, ಕಬ್ಬಿಣದ ಕೊರತೆ ಏಕೆ ನೀಗುತ್ತಿಲ್ಲ ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಹೊರಟು, ಕರುಳಿನ ಮೇಲಿನ ಈ ದಾಳಿಯ ಗುರುತನ್ನು ರಕ್ತದಲ್ಲಿ ಅಳೆಯುವ ಟಿಟಿಜಿ ಎಂಬ ಪರೀಕ್ಷೆ ಮಾಡಿಸಿದರು. ಅನಂತರ ಎಂಡೋಸ್ಕೋಪಿಯ ಮೂಲಕ ಸಣ್ಣ ಕರುಳಿನ ಮೇಲ್ಭಾಗದಿಂದ ಚೂರುಗಳನ್ನು ತೆಗೆದು ಬಯಾಪ್ಸಿಗೆ ಕಳಿಸಿದರು. ಎರಡೂ ಒಂದೇ ಮಾತನ್ನು ಹೇಳಿದವು.

ಗೋಧಿಗೂ ಈ ಕಾಯಿಲೆಗೂ ಇರುವ ನಂಟು ತಿಳಿದದ್ದು ಹೇಗೆ ಎಂಬ ಕಥೆ ನನ್ನನ್ನು ಬಹಳ ತಟ್ಟಿದೆ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯ ಮಕ್ಕಳನ್ನು ವಿವರವಾಗಿ ಬಣ್ಣಿಸಿ, ಇದು ಗುಣವಾಗುವುದಾದರೆ ಆಹಾರದಿಂದಲೇ ಆಗಬೇಕು ಎಂದು ಬರೆದಿದ್ದರು. ಆದರೆ ಯಾವ ಆಹಾರ ಎಂಬುದು ಅವರಿಗೂ ತಿಳಿದಿರಲಿಲ್ಲ. ನೆದರ್ಲೆಂಡ್ಸಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಎರಡನೆಯ ಮಹಾಯುದ್ಧಕ್ಕೂ ಮುಂಚೆಯೇ ಗೋಧಿಯ ಮೇಲೆ ಸಂಶಯವಿತ್ತು. 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಭೀಕರ ಕ್ಷಾಮ ಬಿದ್ದು ಬ್ರೆಡ್ಡೇ ಇಲ್ಲವಾದಾಗ, ಊರಿಗೆ ಊರೇ ಹಸಿವಿನಿಂದ ಬಳಲುತ್ತಿದ್ದರೂ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದಾಗ ಅವರ ಭೇದಿಯೂ ಮರಳಿತು. ಡಿಕೆ 1950ರಲ್ಲಿ ತಮ್ಮ ಪ್ರೌಢಪ್ರಬಂಧದಲ್ಲಿ ಇದನ್ನು ಮಂಡಿಸಿದರು. ಅಕ್ಕಿ, ಮೆಕ್ಕೆಜೋಳದಂಥವು ಈ ಮಕ್ಕಳಿಗೆ ತೊಂದರೆ ಕೊಡುವುದಿಲ್ಲ ಎಂಬುದೂ ಆ ಕಾಲದ ಕೆಲಸದಿಂದಲೇ ಸ್ಪಷ್ಟವಾಯಿತು. ನಾನು ಇಂದು ಊಟಕ್ಕೆ ಕುಳಿತಾಗ ನನ್ನ ತಟ್ಟೆಯಲ್ಲಿ ಏನಿರಬೇಕು, ಏನಿರಬಾರದು ಎಂಬುದನ್ನು ಆ ಹಸಿದ ಮಕ್ಕಳು ತೋರಿಸಿಕೊಟ್ಟರು ಎಂಬುದನ್ನು ನಾನು ಮರೆಯಲಾರೆ.

ಪಥ್ಯದ ಪಟ್ಟಿಯನ್ನು ಕೈಗಿತ್ತಾಗ ಆಹಾರತಜ್ಞೆ ನನಗೆ ಹೇಳಿದ ಮೊದಲ ಮಾತು, "ನೀವು ಪಂಜಾಬಿನ್ಯಾಗ ಹುಟ್ಟಿದ್ರ ಬಾಳ ತ್ರಾಸ ಆಗ್ತಿತ್ರಿ" ಎಂಬುದು. ಅದು ನಿಜ. ನಮ್ಮ ಹಿರಿಯರ ದಿನನಿತ್ಯದ ಊಟದಲ್ಲಿ ಗೋಧಿಗೆ ಜಾಗ ಬಹಳ ಕಡಿಮೆಯಿತ್ತು. ಅದು ಹಬ್ಬದ ಧಾನ್ಯವಾಗಿತ್ತು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಜೋಳದ ನುಚ್ಚು, ನವಣೆ ಅನ್ನ, ಝುಣಕ, ಎಣಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ನುಚ್ಚು ಹಾಕಿದ ಪುಂಡಿಪಲ್ಯ, ಮಜ್ಜಿಗೆ — ಇವುಗಳಲ್ಲಿ ಯಾವುದರಲ್ಲಿಯೂ ಗ್ಲುಟೆನ್ ಇಲ್ಲ. ಬೆಳಗಿನ ಡಬ್ಬಿಗೆ ಚಪಾತಿ, ಉಪ್ಪಿಟ್ಟು, ಶ್ಯಾವಿಗೆ ಎಂಬ ರೂಢಿ ಪಟ್ಟಣದ ಮನೆಗಳಿಗೆ ಬಂದದ್ದು ಈಚೆಗೆ. ದೂರದ ಊರುಗಳಲ್ಲಿ ಇದೇ ಕಾಯಿಲೆಯವರು ದುಬಾರಿ ಬೆಲೆ ತೆತ್ತು ಗ್ಲುಟೆನ್ ಇಲ್ಲದ ಬ್ರೆಡ್ಡು ತರಿಸಿಕೊಳ್ಳುವುದನ್ನು ಓದುವಾಗ, ಮನೆಯಲ್ಲಿ ಕೂಡಿಟ್ಟ ಜೋಳದ ಚೀಲವನ್ನು ನೋಡಿ ನನಗೆ ನಿಜವಾಗಿಯೂ ಕೃತಜ್ಞತೆ ಮೂಡುತ್ತದೆ.

ರೊಟ್ಟಿ ಮಾಡುವ ಕ್ರಮವೇ ಜೋಳದಲ್ಲಿ ಗ್ಲುಟೆನ್ ಇಲ್ಲದಿರುವುದಕ್ಕೆ ಸಾಕ್ಷಿ. ಗೋಧಿಯ ಕಣಕ ಜಿಗುಟಾಗಿ ಎಳೆದಷ್ಟು ಬರುವುದು ಗ್ಲುಟೆನ್ ಇರುವುದರಿಂದ. ಜೋಳದ ಹಿಟ್ಟಿಗೆ ಆ ಜಿಗುಟು ಇಲ್ಲ. ಆದ್ದರಿಂದಲೇ ಕುದಿಯುವ ಎಸರು ಹಾಕಿ, ಹಿಟ್ಟಿನಲ್ಲಿರುವ ಪಿಷ್ಟವು ಆ ಬಿಸಿಗೆ ಅರೆಬೆಂದು ಅಂಟುವಂತೆ ಮಾಡಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಲಟ್ಟಿಸದೆ ಬಡಿಯುತ್ತೇವೆ. ಹಿಟ್ಟು ಹಳೆಯದಾದರೆ ಅಂಚು ಬಿರಿಯುತ್ತದೆ. ಹೊಸದಾಗಿ ಬೀಸಿದ ಹಿಟ್ಟು, ಅದರಲ್ಲಿಯೂ ಕಪ್ಪು ಎರೆಮಣ್ಣಿನಲ್ಲಿ ಬೆಳೆದ ಹಿಂಗಾರಿನ ಮಾಲದಂಡಿ ಜೋಳದ ಹಿಟ್ಟು, ಕೈಗೆ ಬೆಣ್ಣೆಯಷ್ಟು ಮೃದುವಾಗಿ ಒದಗುತ್ತದೆ. ಎಸರು ಸರಿಯಾಗಿ ಬಿದ್ದರೆ ಗೋಧಿಯ ಆಸರೆ ಬೇಕಾಗುವುದಿಲ್ಲ. ರೊಟ್ಟಿ ಬಡಿಯಲು ಬಾರದವರು ಜೋಳದ ಹಿಟ್ಟಿಗೆ ಒಂದು ಹಿಡಿ ಗೋಧಿ ಹಿಟ್ಟು ಬೆರೆಸುವ ರೂಢಿ ಪಟ್ಟಣದಲ್ಲಿ ಹೆಚ್ಚುತ್ತಿದೆ. ಕೊಂಡು ತರುವ ರೊಟ್ಟಿಯ ಬಗ್ಗೆ ನಾನು ಎಚ್ಚರದಿಂದಿರುವುದಕ್ಕೆ ಇದೂ ಒಂದು ಕಾರಣ.

ಮೊದಲ ವಾರಗಳಲ್ಲಿ ಮಾತ್ರ ನನಗೆ ರೊಟ್ಟಿಯೂ ಒಗ್ಗುತ್ತಿರಲಿಲ್ಲ. ಕರುಳು ಕೆಂಡದಂತಿರುವಾಗ ನಾರಿನಂಶ ಹೆಚ್ಚಿರುವ ಜೋಳ ನಿಜವಾಗಿಯೂ ಭಾರವೇ. ಅಕ್ಕಿಯ ಗಂಜಿ, ಹೆಸರುಬೇಳೆಯ ಕಟ್ಟು, ಬೇಯಿಸಿದ ಹೀರೆಕಾಯಿ, ಕ್ಯಾರೆಟ್ಟು, ಬಾಳೆಹಣ್ಣು — ಇವುಗಳಿಂದ ಆರಂಭಿಸಿ, ಆಮೇಲೆ ಮಿದುವಾದ ಜೋಳದ ನುಚ್ಚಿಗೆ ಬಂದು, ಅಲ್ಲಿಂದ ರೊಟ್ಟಿಗೆ ಏರಿದೆ. ಹಸಿ ಉಳ್ಳಾಗಡ್ಡಿ ಮತ್ತು ಹಸಿ ಮೆಂತೆ ಪಲ್ಲೆ ತಿನ್ನಲು ಇನ್ನೂ ಹೆಚ್ಚು ಸಮಯ ಬೇಕಾಯಿತು. ಹಾಲು ಕೂಡ ಆಗ ಆಗುತ್ತಿರಲಿಲ್ಲ. ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವವು ಕರುಳಿನ ಅದೇ ಚಾಚಿಕೆಗಳ ತುದಿಯಲ್ಲಿ ಇರುವುದರಿಂದ, ಅವು ಸವೆದಾಗ ಹಾಲು ಜೀರ್ಣವಾಗದೆ ಉಬ್ಬರ ಬರುತ್ತದೆ. ಒಳಪದರ ಗುಣವಾದಂತೆ ಈ ತೊಂದರೆ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ನನಗೂ ಹಾಗೆಯೇ ಆಯಿತು. ಮೊದಲು ಮಜ್ಜಿಗೆ, ಆಮೇಲೆ ಮೊಸರು, ಕೊನೆಗೆ ಹಾಲು. ಹಾಲು ಮತ್ತು ಸಕ್ಕರೆಯನ್ನು ಕಾಯಿಸಿ ಮಾಡುವ ನಮ್ಮೂರಿನ ಪೇಡೆಯಲ್ಲಿ ಗೋಧಿಯಿಲ್ಲ ಎಂಬುದು ತಿಳಿದಿದ್ದರೂ, ಅದನ್ನು ಬಾಯಿಗಿಡಲು ಬಹಳ ತಿಂಗಳು ಕಾಯಬೇಕಾಯಿತು.

ಇಷ್ಟನ್ನು ಓದಿದವರು, ಹಾಗಾದರೆ ಜೋಳ ತಿಂದುಕೊಂಡಿದ್ದರೆ ಮುಗಿಯಿತಲ್ಲ ಎನ್ನಬಹುದು. ಅಷ್ಟಕ್ಕೆ ಮುಗಿಯುವುದಿಲ್ಲ. ಏನನ್ನು ತಿನ್ನಬೇಕು ಎಂಬ ಪ್ರಶ್ನೆಯನ್ನು ನಮ್ಮ ನಾಡು ಆಗಲೇ ಬಿಡಿಸಿಟ್ಟಿದೆ. ಬಿಡಿಸಬೇಕಾದದ್ದು ಆ ಜೋಳ ಹೊಲದಿಂದ ನನ್ನ ತಟ್ಟೆಗೆ ಬರುವ ದಾರಿಯಲ್ಲಿ ಎಲ್ಲೆಲ್ಲಿ ಗೋಧಿಯ ಜೊತೆ ಕೂಡುತ್ತದೆ ಎಂಬುದನ್ನು. ನನ್ನ ಅನುಭವದಲ್ಲಿ ಈ ಪಥ್ಯದ ಶ್ರಮವೆಲ್ಲ ಇರುವುದು ಇಲ್ಲಿಯೇ.

ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ, ಮತ್ತು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರವೂ, ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್ ರಹಿತವೆಂದು ಮಾರುವಂತಿಲ್ಲ. ಗೋಧಿ ಹಿಟ್ಟಿನ ತೂಕದಲ್ಲಿ ಸುಮಾರು ಹತ್ತನೆಯ ಒಂದು ಭಾಗ ಗ್ಲುಟೆನ್ ಎಂದು ಹಿಡಿದರೆ, ಒಂದು ಗ್ರಾಂ ಗೋಧಿ ಹಿಟ್ಟಿನಲ್ಲಿ 100 ಮಿಲಿಗ್ರಾಂ ಆಯಿತು. ಐದು ಕಿಲೋ ಜೋಳದ ಹಿಟ್ಟಿನಲ್ಲಿ ಅಷ್ಟು ಬೆರೆತರೆ ಮಿತಿ ಮುಟ್ಟಿದಂತೆ. ಒಂದು ಗ್ರಾಂ ಎಂದರೆ ಅರ್ಧ ಚಹಾ ಚಮಚಕ್ಕೂ ಕಡಿಮೆ ಹಿಟ್ಟು. ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ನಿಂತು ಈ ಲೆಕ್ಕವನ್ನು ನೆನೆದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಅಲ್ಲಿ ಗೋಡೆ, ತೊಲೆ, ಬಲ್ಬು, ಗಿರಣಿಯವರ ಹುಬ್ಬು, ಎಲ್ಲದರ ಮೇಲೂ ಬಿಳಿಯ ಹಿಟ್ಟು ಕೂತಿರುತ್ತದೆ. ಹಿಟ್ಟು ಇಳಿಯುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳನ್ನು ಒಮ್ಮೆ ಝಾಡಿಸಿದರೆ ಹಿಂದಿನವರ ಹಿಟ್ಟು ಹಿಡಿಗಟ್ಟಲೆ ಉದುರುತ್ತದೆ.

ನಾನು ವಿಷಯ ಹೇಳಿದಾಗ ಗಿರಣಿಯ ಕಾಕಾ ಏನನ್ನೂ ಮುಚ್ಚಿಡಲಿಲ್ಲ. "ಅಕ್ಕಾರ, ಗೋಧಿ ಕಲ್ಲ ಬ್ಯಾರೆ ಐತ್ರಿ, ಜ್ವಾಳದ ಕಲ್ಲ ಬ್ಯಾರೆ ಐತ್ರಿ. ಆದ್ರ ಸಂತಿ ದಿನ ಗದ್ದಲ ಆದ್ರ ಯಾವ್ದು ಖಾಲಿ ಐತಿ ಅದಕ್ಕ ಹಾಕತೀವ್ರಿ. ನಿಮಗ ಸುಳ್ಳ ಹೇಳಿ ನಾ ಎಲ್ಲಿ ಹೋಗ್ಲಿ?" ಎಂದರು. ಅವರ ಆ ಪ್ರಾಮಾಣಿಕತೆ ನನಗೆ ಮಾಡಿದ ಉಪಕಾರ ದೊಡ್ಡದು. ಸಂತೆಯಿಲ್ಲದ ದಿನ, ಬೆಳಿಗ್ಗೆ ಗಿರಣಿ ತೆರೆದ ಕೂಡಲೇ ಬರಲು ಹೇಳಿದರು. ಜೋಳದ ಕಲ್ಲನ್ನು ಬಿಚ್ಚಿ, ಅಂಟಿದ ಹಿಟ್ಟನ್ನು ಬ್ರಷ್ಷಿನಿಂದ ತೆಗೆದು, ಬಟ್ಟೆಯ ತೋಳನ್ನು ನಾನು ಮನೆಯಿಂದ ಒಯ್ದ ಒಗೆದ ತೋಳಿಗೆ ಬದಲಿಸಿ, ಮೊದಲು ಇಳಿದ ಹಿಟ್ಟನ್ನು ದನಕ್ಕೆ ತೆಗೆದಿಟ್ಟು, ಉಳಿದದ್ದನ್ನು ನನಗೆ ಕೊಡುತ್ತಿದ್ದರು. ಬಹಳ ಕಾಲ ಹೀಗೆಯೇ ನಡೆಯಿತು. ಆದರೂ ರಕ್ತಪರೀಕ್ಷೆಯ ಅಂಕಿ ಇಳಿಯಬೇಕಾದಷ್ಟು ಇಳಿಯದಿದ್ದಾಗ, ವೈದ್ಯರ ಸಲಹೆಯ ಮೇರೆಗೆ ಮನೆಯಲ್ಲಿಯೇ ಇಟ್ಟುಕೊಳ್ಳುವ ಸಣ್ಣ ಗಿರಣಿಯೊಂದನ್ನು ಕೊಂಡೆವು. ಅದರೊಳಗೆ ಗೋಧಿಯ ಒಂದು ಕಾಳೂ ಹೋಗಕೂಡದು ಎಂಬುದು ಮನೆಯ ಕಟ್ಟಳೆ. ಮನೆಮಂದಿಯ ಗೋಧಿ ಇಂದಿಗೂ ಕಾಕಾನ ಗಿರಣಿಗೇ ಹೋಗುತ್ತದೆ. ಹಣದ ಅನುಕೂಲ ಇಲ್ಲದವರಿಗೆ ಅಟ್ಟದ ಮೇಲಿರುವ ಹಳೆಯ ಬೀಸುವ ಕಲ್ಲು ಸಾಕು. ತೊಳೆದು, ಒಣಗಿಸಿ, ಸ್ವಲ್ಪ ಜೋಳವನ್ನು ಮೊದಲು ಬೀಸಿ ಚೆಲ್ಲಿ ಬಳಸಬಹುದು. ಒಬ್ಬರ ರೊಟ್ಟಿಗೆ ಬೇಕಾಗುವ ಹಿಟ್ಟನ್ನು ಬೀಸಲು ಬಹಳ ಹೊತ್ತು ಹಿಡಿಯುವುದಿಲ್ಲ.

ಬೀಸುವುದಕ್ಕೂ ಮೊದಲು ಕಾಳನ್ನು ಹಸನು ಮಾಡುವ ಕೆಲಸವಿದೆ. ನಮ್ಮ ಭಾಗದಲ್ಲಿ ಹಿಂಗಾರಿಗೆ ಜೋಳ, ಗೋಧಿ, ಕಡಲೆ, ಕುಸುಬೆಗಳನ್ನು ಅಕ್ಕಪಕ್ಕದ ಹೊಲಗಳಲ್ಲಿ, ಎಷ್ಟೋ ಸಲ ಒಂದೇ ಹೊಲದ ಬೇರೆ ಬೇರೆ ಪಟ್ಟಿಗಳಲ್ಲಿ, ಬೆಳೆಯುತ್ತಾರೆ. ರಾಶಿ ಮಾಡುವ ಯಂತ್ರ ಒಂದೇ, ಕಣ ಒಂದೇ, ಚೀಲಗಳೂ ತಿರುತಿರುಗಿ ಬಳಕೆಯಾದವೇ. ಆದ್ದರಿಂದ ಎಷ್ಟು ಒಳ್ಳೆಯ ಜೋಳದಲ್ಲಿಯೂ ಅಲ್ಲೊಂದು ಇಲ್ಲೊಂದು ಗೋಧಿ ಕಾಳು ಇದ್ದೇ ಇರುತ್ತದೆ. ಬಿಸಿಲಿನಲ್ಲಿ ಕುಳಿತು ಮೊರದಲ್ಲಿ ಕೇರಿ, ತೆಳುವಾಗಿ ಹರಡಿ ನೋಡಿದರೆ ಮುತ್ತಿನ ಬಣ್ಣದ ದುಂಡನೆಯ ಜೋಳದ ನಡುವೆ ಉದ್ದನೆಯ, ಕೆಂಪು ಛಾಯೆಯ, ಹೊಟ್ಟೆಯ ಮೇಲೆ ಗೀರು ಇರುವ ಗೋಧಿ ಕಾಳು ಸ್ಪಷ್ಟವಾಗಿ ಕಾಣುತ್ತದೆ. ಆರಿಸಿ ತೆಗೆದ ಮೇಲೆ ಜೋಳವನ್ನು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಒಣಗಿಸುತ್ತೇನೆ, ಏಕೆಂದರೆ ಚೀಲಕ್ಕೆ ಅಂಟಿದ ಧೂಳು ಕಣ್ಣಿಗೆ ಕಾಣುವುದಿಲ್ಲ. ಈ ಕೆಲಸಕ್ಕೆ ಅತ್ತೆಯವರಷ್ಟು ಚುರುಕಾದ ಕಣ್ಣು ಮನೆಯಲ್ಲಿ ಮತ್ತೊಬ್ಬರದ್ದಿಲ್ಲ. ಒಂದು ಕಾಲಕ್ಕೆ ಚಪಾತಿ ತಿನ್ನೆಂದು ಒತ್ತಾಯಿಸುತ್ತಿದ್ದವರು ಈಗ ಒಂದು ಗೋಧಿ ಕಾಳು ಸಿಕ್ಕರೆ ಅದನ್ನು ಬೆರಳ ತುದಿಯಲ್ಲಿ ಹಿಡಿದು, "ನೋಡವಾ, ಇಲ್ಲಿ ಅಡಗಿ ಕುಂತಿತ್ತು" ಎಂದು ನನಗೆ ತೋರಿಸಿಯೇ ಎಸೆಯುತ್ತಾರೆ.

ಅಡುಗೆಮನೆಯಲ್ಲಿ ನನ್ನ ಹಂಚು, ಪರಾತ, ಕಟ್ಟಿಗೆಯ ಸೌಟು, ಜಾಳಿಗೆ ಬೇರೆ. ಸ್ಟೀಲಿನ ಪಾತ್ರೆಗಳನ್ನು ಚೆನ್ನಾಗಿ ತಿಕ್ಕಿ ತೊಳೆದರೆ ಸಾಕು. ಬಿರುಕು, ರಂಧ್ರ ಇರುವ ಕಟ್ಟಿಗೆಯ ವಸ್ತುಗಳು ಮತ್ತು ಹಿಟ್ಟು ಜಾಲಿಸುವ ಜಾಳಿಗೆಗಳು ಮಾತ್ರ ನಂಬಿಕೆಗೆ ಅರ್ಹವಲ್ಲ. ಮೊದಲು ನನ್ನ ರೊಟ್ಟಿ, ಆಮೇಲೆ ಉಳಿದವರ ಚಪಾತಿ ಎಂಬ ಅನುಕ್ರಮವನ್ನು ಯಾರೂ ತಪ್ಪಿಸುವುದಿಲ್ಲ. ಚಪಾತಿಯ ಹಿಟ್ಟು ಹಾರಿದ ಮೇಲೆ ಅಡುಗೆಕಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಗೋಧಿ ಹಿಟ್ಟಿನ ಡಬ್ಬಿಯನ್ನು ಕೆಳಗಿನ ಕಪಾಟಿನಲ್ಲಿಯೂ ನನ್ನ ಹಿಟ್ಟುಗಳನ್ನು ಮೇಲಿನದರಲ್ಲಿಯೂ ಇಡುವುದು ಸಣ್ಣ ಮಾತೆನಿಸಬಹುದು. ಆದರೆ ಹಿಟ್ಟು ಉದುರುವುದು ಮೇಲಿನಿಂದ ಕೆಳಕ್ಕೆ.

ಇಂಗಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಅದನ್ನು ಯಾರೂ ಸಂಶಯಿಸುವುದಿಲ್ಲ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಪುಡಿ ಇಂಗು ಬರಿಯ ಇಂಗಲ್ಲ. ಶುದ್ಧ ಇಂಗಿನ ಘಾಟು ತಡೆಯಲಾಗದಷ್ಟು ಇರುವುದರಿಂದ ಅದನ್ನು ಅಂಟು ಮತ್ತು ಹಿಟ್ಟಿನೊಂದಿಗೆ ಕೂಡಿಸಿರುತ್ತಾರೆ. ಆ ಹಿಟ್ಟು ಕೆಲವದರಲ್ಲಿ ಅಕ್ಕಿಯದ್ದು, ಹಲವದರಲ್ಲಿ ಗೋಧಿಯದ್ದು ಅಥವಾ ಮೈದಾ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರದಲ್ಲಿ ಇದನ್ನು ಮುದ್ರಿಸಿರುತ್ತಾರೆ. ಸಾರು, ಸಾಂಬಾರು, ಉಪ್ಪಿನಕಾಯಿ, ಸಿದ್ಧ ಮಸಾಲೆಪುಡಿ, ಚೂಡಾ, ಹಪ್ಪಳ — ಇಂಗು ಹೋಗದ ಜಾಗವೇ ಇಲ್ಲ. ನಾನು ಅಕ್ಕಿ ಹಿಟ್ಟು ಬೆರೆಸಿದ ಇಂಗನ್ನು ಹುಡುಕಿ ತರುತ್ತೇನೆ. ಖಾರದ ಪುಡಿ ಮಾತ್ರ ಹಾವೇರಿ ಕಡೆಯ ತವರಿನಿಂದ ಬರುತ್ತದೆ. ಅವ್ವ ಬ್ಯಾಡಗಿ ಮೆಣಸಿನಕಾಯಿಯನ್ನು ತುಂಬು ತೆಗೆದು, ಬಿಸಿಲಿಗೆ ಹಾಕಿ, ಮನೆಯಲ್ಲಿಯೇ ಕುಟ್ಟಿ ಕಳಿಸುತ್ತಾರೆ. ಗೋಬಿ ಮಂಚೂರಿಗೆ ಹಾಕುವ ಸೋಯಾ ಸಾಸಿನಲ್ಲಿಯೂ ಸಾಮಾನ್ಯವಾಗಿ ಗೋಧಿ ಇರುತ್ತದೆ. ಕೆಲವು ಗುಳಿಗೆಗಳಲ್ಲಿ ಗೋಧಿಯ ಪಿಷ್ಟ ಇರಬಹುದಾದ್ದರಿಂದ ಹೊಸ ಔಷಧಿ ಬರೆದಾಗಲೆಲ್ಲ ವೈದ್ಯರಿಗೆ ನೆನಪಿಸುತ್ತೇನೆ.

ಇನ್ನೊಂದು ವಿಷಯದಲ್ಲಿ ನಾನು ಕಟುವಾಗಿಯೇ ಮಾತನಾಡುತ್ತೇನೆ. ನಮ್ಮ ಭಾಗದಲ್ಲಿ ಬೆಳೆಯುವ ಸದಕ ಗೋಧಿ, ಅಂದರೆ ಪೇಟೆಯಲ್ಲಿ ಕಪ್ಲಿ ಎಂದು ಮಾರುವ ಗೋಧಿ, ಬಹಳ ಹಳೆಯ ಕಾಲದ ಒಳ್ಳೆಯ ಧಾನ್ಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಇದರ ಡಿಡಿಕೆ 1025, ಡಿಡಿಕೆ 1029 ಎಂಬ ತಳಿಗಳನ್ನು ಹೊರತಂದಿದೆ. ಅದರ ಮಾದಲಿಯ, ಹುಗ್ಗಿಯ ರುಚಿಗೆ ಸಾಟಿಯಿಲ್ಲ. ಆದರೆ ಅದು ಹಳೆಯ ತಳಿಯಾದ್ದರಿಂದ ಸೀಲಿಯಾಕ್ ಇರುವವರಿಗೂ ಆಗುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ಮಾತು ಶುದ್ಧ ಸುಳ್ಳು. ಸದಕವೂ ಗೋಧಿಯೇ, ಅದರಲ್ಲಿಯೂ ಗ್ಲುಟೆನ್ ಇದೆ, ಅದೂ ನಮ್ಮ ಕರುಳನ್ನು ಕೆಡಿಸುತ್ತದೆ. ಈ ಸಲಹೆಯನ್ನು ನಂಬಿ ಒಬ್ಬ ತಾಯಿ ತನ್ನ ಮಗುವಿಗೆ ಅದನ್ನು ತಿನ್ನಿಸಿದರೆ ಆಗುವ ಹಾನಿಗೆ ಸಂದೇಶ ಕಳಿಸಿದವರು ಹೊಣೆ ಹೊರುವುದಿಲ್ಲ. ಓಟ್ಸಿನ ಮಾತು ಬೇರೆ. ಅದರಲ್ಲಿ ಗೋಧಿಯ ಗ್ಲುಟೆನ್ ಇಲ್ಲದಿದ್ದರೂ ಗೋಧಿಯ ಕಲಬೆರಕೆ ಸಾಮಾನ್ಯ, ಮತ್ತು ಕೆಲವರಿಗೆ ಶುದ್ಧ ಓಟ್ಸೂ ಒಗ್ಗುವುದಿಲ್ಲ. ನವಣೆ, ಸಾವೆ, ಬರಗು ಮನೆಯಲ್ಲಿರುವಾಗ ನನಗಂತೂ ಅದರ ಅಗತ್ಯ ಕಂಡಿಲ್ಲ.

ಮನೆಯ ಹೊರಗೆ ಹೋದಾಗ ಎದುರಾಗುವುದು ಹಿಟ್ಟಿಗಿಂತ ಮಿಗಿಲಾಗಿ ಜನರ ಪ್ರೀತಿ. ನಮ್ಮ ಕಡೆ ಬಂದವರಿಗೆ ಉಣಿಸದೆ ಕಳಿಸುವುದಿಲ್ಲ, ಉಣ್ಣುವವರು ಬೇಡವೆಂದರೂ ಬಡಿಸುವವರು ಬಿಡುವುದಿಲ್ಲ. ಮದುವೆಯಲ್ಲಿ ಗೋಧಿ ಹುಗ್ಗಿ, ಹೋಳಿ ಹುಣ್ಣಿಮೆಗೆ ಹೋಳಿಗೆ, ಪಂಚಮಿಗೆ ರವೆಯ ಉಂಡಿ. ಗದುಗಿನ ಕಡೆಯ ದೊಡ್ಡವ್ವ ಮೊದಲ ವರ್ಷ, "ಒಂದ ಹೋಳಿಗಿ ತಿಂದ್ರ ಏನ ಆಗತೈತವಾ? ದೇವರ ನೈವೇದ್ಯ ಐತಿ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಕಾಯಿಲೆಯ ವಿವರಣೆ ಆ ಹೊತ್ತಿನಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂಬುದು ನನಗೆ ಅನುಭವದಿಂದ ತಿಳಿದಿದೆ. ಬಡಿಸುವವರಿಗೆ ಬಡಿಸಿದ ತೃಪ್ತಿ ಬೇಕು. "ದೊಡ್ಡವ್ವಾ, ಕಣಕಾ ನಾದೂಕ್ಕಿಂತ ಮೊದ್ಲ ನನಗ ಒಂದ ವಾಟಗಾ ಹೂರಣಾ ತಗದಿಡು, ತುಪ್ಪಾ ಹಾಕ್ಕೊಂಡ ತಿಂತೀನಿ" ಎಂದೆ. ಅಂದಿನಿಂದ ಆ ಮನೆಯಲ್ಲಿ ಹೋಳಿಗೆಯ ದಿನ ನನ್ನ ಹೂರಣದ ವಾಟಗ ದೇವರ ಮನೆಯ ಪಕ್ಕದಲ್ಲಿ, ಮುಚ್ಚಿಟ್ಟು, ಕಾಯ್ದಿರುತ್ತದೆ. ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಹಿಟ್ಟಿನ ತಂಬಿಟ್ಟು ಇವೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದೆ. ಮಾದಲಿಯನ್ನು ಸಜ್ಜೆಯಲ್ಲಿಯೂ ಮಾಡಬಹುದು. ಬೇಡವೆನ್ನುವುದಕ್ಕಿಂತ ಬೇಕಾದದ್ದನ್ನು ಹೆಸರು ಹಿಡಿದು ಕೇಳಿದರೆ ಮನೆಯವರು ಬೇಗ ಒಪ್ಪುತ್ತಾರೆ. ಡಂಬಳದ ತೋಂಟದಾರ್ಯ ಜಾತ್ರೆಯಲ್ಲಿ ರೊಟ್ಟಿಯೇ ಪ್ರಸಾದವಾಗಿರುವುದು ನನಗೆ ಬಹಳ ಸಂತೋಷದ ಸಂಗತಿ. ಆದರೂ ಹತ್ತಾರು ಮನೆಗಳಿಂದ ಬಂದ ರೊಟ್ಟಿಯ ಹಿಟ್ಟು ಯಾವ ಗಿರಣಿಯದೆಂದು ತಿಳಿಯದ ಕಾರಣ, ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡುತ್ತೇನೆ.

ಖಾನಾವಳಿಗಳಲ್ಲಿ ರೊಟ್ಟಿ ಮತ್ತು ಚಪಾತಿ ಒಂದೇ ಹಂಚಿನ ಮೇಲೆ ಬೇಯುತ್ತವೆ. ಬಡಿಯುವಾಗ ಉದುರಿಸುವ ಒಣಹಿಟ್ಟು ಯಾವುದೆಂದು ಕೇಳದೆ ನಾನು ಕೂರುವುದಿಲ್ಲ. ಮಿರ್ಚಿ ಬಜ್ಜಿ ಕಡಲೆ ಹಿಟ್ಟಿನದ್ದಾದರೂ ಅದೇ ಎಣ್ಣೆಯಲ್ಲಿ ಪೂರಿಯೂ ಕರಿದಿರುತ್ತದೆ. ಗಿರಮಿಟ್ಟನ್ನು ಕಣ್ಣೆದುರಿಗೆ ಕಲಸಿ ಕೊಡುವುದರಿಂದ ಚುರುಮುರಿ, ಪುಟಾಣಿ ಹಿಟ್ಟು, ಉಳ್ಳಾಗಡ್ಡಿ ಇಷ್ಟೇ ಇರಲಿ ಎಂದು ಕೇಳಬಹುದು, ಹುರಿದ ಒಗ್ಗರಣೆಯಲ್ಲಿ ಇಂಗು ಇಲ್ಲವೆಂಬುದು ಖಚಿತವಾದರೆ. ಪ್ರಯಾಣಕ್ಕೆ ಖಡಕ್ ರೊಟ್ಟಿಯನ್ನು ಮೀರಿಸುವ ಬುತ್ತಿಯಿಲ್ಲ. ತೇವವಿಲ್ಲದೆ ಒಣಗಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ ಮತ್ತು ಮೊಸರು ಇದ್ದರೆ ಬೆಂಗಳೂರಿಗಾಗಲಿ ಪುಣೆಗಾಗಲಿ ರೈಲಿನಲ್ಲಿ ನಿಶ್ಚಿಂತೆಯಿಂದ ಹೋಗಿಬರುತ್ತೇನೆ.

ಗೋಧಿಯನ್ನು ಬಿಟ್ಟರಷ್ಟೇ ಸಾಲದು, ಕಳೆದುಹೋದದ್ದನ್ನು ತುಂಬಿಕೊಳ್ಳಬೇಕು. ಕಬ್ಬಿಣ, ಫೋಲಿಕ್ ಆಮ್ಲ, ಬಿ12, ಡಿ ಜೀವಸತ್ವ ಮತ್ತು ಕ್ಯಾಲ್ಸಿಯಂ ಕೊರತೆ ಈ ಕಾಯಿಲೆಯಲ್ಲಿ ಸಾಮಾನ್ಯ. ಎಲುಬು ಸವೆಯುವ ಅಪಾಯವೂ ಇದೆ. ಜೋಳದಲ್ಲಿರುವ ಕಬ್ಬಿಣವನ್ನು ಅದರಲ್ಲಿಯೇ ಇರುವ ಫೈಟೇಟ್ ಎಂಬ ಅಂಶ ಹಿಡಿದಿಡುವುದರಿಂದ, ಊಟದೊಂದಿಗೆ ಲಿಂಬೆಹಣ್ಣು ಹಿಂಡಿಕೊಳ್ಳುವುದು, ಮೊಳಕೆ ಕಾಳು ತಿನ್ನುವುದು, ಊಟದ ಮೇಲೆ ಕೂಡಲೇ ಚಹಾ ಕುಡಿಯದಿರುವುದು ಉಪಯುಕ್ತ. ಗುಳಿಗೆಗಳನ್ನು ವೈದ್ಯರು ಹೇಳಿದಷ್ಟು ಕಾಲ ತೆಗೆದುಕೊಂಡೆ. ಕರುಳು ಚೇತರಿಸಿಕೊಂಡ ಮೇಲೆ ಅದೇ ಕಬ್ಬಿಣದ ಗುಳಿಗೆ ಮೈಗೆ ಹತ್ತಿತು, ಹಿಮೋಗ್ಲೋಬಿನ್ ಏರಿತು. ಟಿಟಿಜಿ ಅಂಕಿ ಸಾಮಾನ್ಯ ಮಟ್ಟಕ್ಕೆ ಇಳಿಯಲು ಹಲವರಿಗೆ ಒಂದು ವರ್ಷಕ್ಕೂ ಮೀರಿ ಬೇಕಾಗುತ್ತದೆ. ಮನೆಗೆ ಸಣ್ಣ ಗಿರಣಿ ಬಂದ ಅನಂತರದ ಪರೀಕ್ಷೆಗಳಲ್ಲಿ ನನ್ನದೂ ಇಳಿಯಿತು.

ಈ ಕಾಯಿಲೆ ವಂಶದಲ್ಲಿ ಹರಿಯುತ್ತದೆ. ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಜೀನು ಇರುವವರಲ್ಲಿಯೇ ಇದು ಬರುತ್ತದೆ, ಆದರೆ ಆ ಜೀನು ಇರುವ ಎಲ್ಲರಿಗೂ ಬರುವುದಿಲ್ಲ. ರೋಗಿಯ ತಂದೆ-ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಲ್ಲಿ ಅಪಾಯ ಉಳಿದವರಿಗಿಂತ ಬಹಳ ಹೆಚ್ಚು. ನನ್ನ ಮಗಳಿಗೆ ರಕ್ತಪರೀಕ್ಷೆ ಮಾಡಿಸಿದ್ದೇವೆ, ಸದ್ಯಕ್ಕೆ ಏನೂ ಇಲ್ಲ; ಮುಂದೆ ಯಾವಾಗಲಾದರೂ ತಲೆದೋರಬಹುದಾದ್ದರಿಂದ ವೈದ್ಯರು ಹೇಳಿದಾಗ ಮತ್ತೆ ಮಾಡಿಸುತ್ತೇವೆ. ನನ್ನ ವಿಷಯ ಕೇಳಿ, ತಮ್ಮ ಮನೆಯಲ್ಲಿಯೂ ಇಂಥದ್ದೇ ಹೊಟ್ಟೆಯ ತೊಂದರೆ ಇದೆಯೆಂದು ಕೂಡಲೇ ಗೋಧಿ ಬಿಡಿಸಿಬಿಡುವವರನ್ನು ಕಂಡಿದ್ದೇನೆ. ಅವರಲ್ಲಿ ನನ್ನ ವಿನಂತಿ ಒಂದೇ: ಪರೀಕ್ಷೆ ಆಗುವವರೆಗೆ ಗೋಧಿಯನ್ನು ಬಿಡಬೇಡಿರಿ. ಗ್ಲುಟೆನ್ ನಿಂತ ಮೇಲೆ ರಕ್ತದಲ್ಲಿನ ಗುರುತು ಅಳಿಯತೊಡಗುತ್ತದೆ, ಕರುಳೂ ಮಾಯತೊಡಗುತ್ತದೆ. ಆಮೇಲೆ ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳಲು, ಮತ್ತೆ ವಾರಗಟ್ಟಲೆ ಗೋಧಿ ತಿಂದು ನರಳಬೇಕಾಗುತ್ತದೆ. ಮೊದಲು ಟಿಟಿಜಿ ಪರೀಕ್ಷೆ, ಅಗತ್ಯವಿದ್ದರೆ ಬಯಾಪ್ಸಿ, ವರದಿ ಕೈಗೆ ಬಂದ ದಿನದಿಂದ ಪಥ್ಯ. ಅದು ಖಚಿತವಾದ ಮೇಲೆ, ಗಿರಣಿಯವರೊಂದಿಗೆ ಏನು ಮಾತನಾಡಬೇಕು, ಜೋಳವನ್ನು ಹೇಗೆ ಹಸನು ಮಾಡಬೇಕು ಎಂಬುದನ್ನು ಕೇಳಲು ಯಾರೇ ಬಂದರೂ ನಾನು ಕುಳಿತು ಹೇಳಿಕೊಡುತ್ತೇನೆ.